‘ಶಾಕ್’ ಎಂದಷ್ಟೇ ಬರೆದರೆ ಸಾಲದು



ಆಸ್ಪತ್ರೆಯ ಚೀಟಿಯಲ್ಲಿ ‘ಹೈಪೊವೊಲೆಮಿಕ್ ಶಾಕ್’ ಎಂದಿದ್ದರೆ ಅದು ಕರೆಂಟ್ ಹೊಡೆದದ್ದಲ್ಲ, ಕೆಟ್ಟ ಸುದ್ದಿ ಕೇಳಿ ಎದೆ ಒಡೆದದ್ದೂ ಅಲ್ಲ. ಮೈಯ ರಕ್ತವೋ ನೀರಿನಂಶವೋ ಕಡಿಮೆಯಾಗಿ, ಮಿದುಳು, ಮೂತ್ರಪಿಂಡಗಳಿಗೆ ರಕ್ತ ಸಾಲದೆ ಹೋದ ಸ್ಥಿತಿ. ನಾಡಿ ಓಡುತ್ತದೆ, ಕೈಕಾಲು ತಣ್ಣಗಾಗಿ ಬೆವರುತ್ತವೆ. ವಾಂತಿಭೇದಿಯಿಂದ ಹೀಗಾಗಬಹುದು, ಹೆರಿಗೆಯ ರಕ್ತಸ್ರಾವದಿಂದಲೂ ಆಗಬಹುದು. ಎಡಪಕ್ಕೆಗೆ ಒದ್ದು ಗುಲ್ಮ ಒಡೆದರೂ ಆಗಬಹುದು; ರಕ್ತ ಹೊಟ್ಟೆಯೊಳಗೇ ತುಂಬುತ್ತದೆ, ಹೊರಗೆ ಒಂದು ತೊಟ್ಟೂ ಕಾಣದಿರಬಹುದು. ಸುಟ್ಟ ಮೈಯಿಂದ ಮೊದಲ ಒಂದೆರಡು ದಿನ ಸೋರುವ ನೀರಿನಂಶವೂ ಇಲ್ಲಿಗೇ ತಳ್ಳುತ್ತದೆ.

ಅಂದಮೇಲೆ ಶಾಕ್ ಎನ್ನುವುದು ಕಾರಣವಲ್ಲ, ಕಾರಣದ ಫಲ. ಆಸ್ಪತ್ರೆಗಳು ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿ ನೋಡಿ ಪ್ರತಿ ಕಾಯಿಲೆಗೂ ಒಂದು ಸಂಖ್ಯೆ ಕೊಡುತ್ತವೆ. ಅದರ 10ನೇ ಪರಿಷ್ಕರಣೆಯಲ್ಲಿ ಬರೀ ಈ ಶಾಕ್ ‘ಆರ್ 57.1’, ಜ್ವರ, ತಲೆನೋವಿನಂಥ ಲಕ್ಷಣಗಳ ಅಧ್ಯಾಯದಲ್ಲಿದೆ. ಪೆಟ್ಟಿನಿಂದಾದ ಶಾಕ್ ‘ಟಿ 79.4’, ಗಾಯಗಳ ಅಧ್ಯಾಯದಲ್ಲಿ. ಹೆರಿಗೆಯದು ‘ಒ 75.1’. ಪೆಟ್ಟು ಹೇಗೆ ಬಿತ್ತು ಎನ್ನಲೂ ಸಂಖ್ಯೆಗಳಿವೆ: ಗಂಡ ಅಥವಾ ಸಂಗಾತಿಯ ಹಿಂಸೆಗೆ ‘ವೈ 07.0’. ಅತ್ತೆ, ನಾದಿನಿ, ಮೈದುನ? ಅವರೆಲ್ಲ ‘ಇತರ ವ್ಯಕ್ತಿಗಳು’ ಎಂಬ ಮೂಟೆಗೆ. ನಮ್ಮ ಕೂಡುಕುಟುಂಬ ಆ ಪಟ್ಟಿ ಬರೆದವರ ಕಣ್ಣಿಗೆ ಬೀಳಲಿಲ್ಲವೇನೋ!

ಸಂಖ್ಯೆ ಹಾಕುವವರು ವೈದ್ಯರು ಬರೆದದ್ದನ್ನು ಮೀರಿ ಹೋಗಲಾರರು. ‘ಒದೆತದಿಂದ ಗುಲ್ಮ ಒಡೆದು ರಕ್ತಸ್ರಾವ, ಅದರಿಂದ ಶಾಕ್’ ಎಂದು ಬರೆದರೆ ಹೊಡೆದದ್ದು ಲೆಕ್ಕಕ್ಕೆ ಬರುತ್ತದೆ. ‘ಶಾಕ್’ ಎಂದಷ್ಟೇ ಬರೆದರೆ ಒದ್ದ ಕಾಲು ದಾಖಲೆಯಿಂದಲೇ ಮಾಯ. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ‘ವಿಮೋಚನಾ’ ಸಂಘಟನೆಯವರು ವಿವಾಹಿತೆಯರ ಅಸಹಜ ಸಾವುಗಳ ಬೆನ್ನು ಹತ್ತಿದಾಗಲೂ, ಸ್ಟೌ ಸಿಡಿಯಿತು, ಆಕಸ್ಮಿಕ ಎಂದು ಮುಚ್ಚಿದ ಕಡತಗಳೇ ಎದುರಾದವು.

ನಮ್ಮ ಸಕಲೇಶಪುರ, ಆಲೂರಿನ ಗುಡ್ಡಗಳಲ್ಲಿ ಇದು ಇನ್ನೂ ಸುಲಭ. ತೋಟದ ಲೈನ್ ಮನೆಯಿಂದ ಜೀಪಿನಲ್ಲಿ ತಾಲ್ಲೂಕು ಆಸ್ಪತ್ರೆಗೆ, ಅಲ್ಲಿಂದ ಹಾಸನಕ್ಕೆ. ಸಕಲೇಶಪುರದಿಂದಾದರೆ ಸುಮಾರು 40 ಕಿಲೋಮೀಟರ್. ಶಾಕಿನಲ್ಲಿರುವವಳಿಗೆ ಮಾತಾಡುವ ಶಕ್ತಿ ಇರುವುದಿಲ್ಲ. ಎರಡೂ ಕಡೆ ಮಾತಾಡುವವನು ಗಂಡ. ‘ಕಾಲು ಜಾರಿ ಬಿದ್ದಳು’ ಎನ್ನುತ್ತಾನೆ. ಮಳೆಗಾಲದ ಮಲೆನಾಡಿನಲ್ಲಿ ಇದನ್ನು ಯಾರು ತಾನೆ ನಂಬುವುದಿಲ್ಲ?

ಆದ್ದರಿಂದ ಸಂಘದ ಒಬ್ಬರಾದರೂ ಆ ಜೀಪು ಹತ್ತಬೇಕು. ಹೊಡೆತದ ಸಂಗತಿ ವೈದ್ಯರಿಗೆ ಹೇಳಿ, ಎಂ.ಎಲ್.ಸಿ. ದಾಖಲಿಸಲು, ಹಾಸನಕ್ಕೆ ಕಳಿಸುವ ಚೀಟಿಯಲ್ಲಿ ಕಾರಣ ಬರೆಯಲು ಕೇಳಬೇಕು. ಕೇಳಿದವಳಿಗೆ ಚಿಕಿತ್ಸೆ ಕೊಡಲೇಬೇಕೆಂದು 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯ 7ನೇ ಕಲಮು ಹೇಳುತ್ತದೆ. ಮದುವೆಯಾಗಿ ಏಳು ವರ್ಷದೊಳಗೆ ಅವಳು ಅಸಹಜವಾಗಿ ಸತ್ತರೆ, ವರದಕ್ಷಿಣೆ ಕಿರುಕುಳ ಇತ್ತೆಂದಾದರೆ, ಭಾರತೀಯ ನ್ಯಾಯ ಸಂಹಿತೆಯ 80ನೇ ಕಲಮು ಇದೆ. 2024ರ ಜುಲೈಗೆ ಮೊದಲು ಇದೇ 304-ಬಿ ಆಗಿತ್ತು.

ಇನ್ನೊಂದು ಮಾತು. ಜನನ ಮರಣ ನೋಂದಣಿ ಕಾಯ್ದೆಯ 2023ರ ತಿದ್ದುಪಡಿಯಂತೆ, ಸಾವಿನ ಕಾರಣದ ಪ್ರಮಾಣಪತ್ರದ ಪ್ರತಿಯನ್ನು ಆಸ್ಪತ್ರೆ ಹತ್ತಿರದ ಸಂಬಂಧಿಗೆ ಕೊಡಬೇಕು. ಒಳ್ಳೆಯದೇ. ಆದರೆ ಹತ್ತಿರದವನೆಂದು ಗಂಡನ ಕೈಗೇ ಕೊಟ್ಟು ಕಳಿಸಿದರೆ ತವರಿನವರು ಅದನ್ನು ಓದುವುದು ಯಾವಾಗ? ಹೆತ್ತವರಿಗೂ ಒಂದು ಪ್ರತಿ ಸಿಗುವಂತೆ ನಿಯಮ ಬರಬೇಕು.