ಹಳೆಯ ಟಿಪ್ಪಣಿಯನ್ನು ಎಲ್ಲಿಡಬೇಕು?

ಪೈಥಾನ್ ಭಾಷೆಯಲ್ಲಿ ವೆಬ್‌ಸೈಟ್ ಕಟ್ಟಲು ಬಳಸುವ ಜಾಂಗೋದ ಹೊಸ ಆವೃತ್ತಿ ಹೊರತರುವವರಿಗೆಂದು ಬರೆದಿಟ್ಟ ಕೆಲಸದ ಪಟ್ಟಿಯಲ್ಲಿ ಒಂದು ಸಾಲು ಈಚೆಗೆ ಕಣ್ಣಿಗೆ ಬಿತ್ತು. ಡಾಕ್ಯುಮೆಂಟೇಶನ್ ತುಂಬ ‘ಈ ಆವೃತ್ತಿಯಲ್ಲಿ ಹೊಸದು’, ‘ಈ ಆವೃತ್ತಿಯಲ್ಲಿ ಬದಲಾಗಿದೆ’ ಎಂಬ ಟಿಪ್ಪಣಿಗಳಿರುತ್ತವಲ್ಲ, ಅವುಗಳಲ್ಲಿ ಎರಡು ಬಿಡುಗಡೆಗಳಷ್ಟು ಹಳೆಯವನ್ನು ಕಿತ್ತುಹಾಕಬೇಕು ಎನ್ನುತ್ತದೆ ಆ ಸಾಲು. ಉದಾಹರಣೆಯನ್ನೂ ಕೊಟ್ಟಿದ್ದಾರೆ: 4.2 ಬರುವ ಹೊತ್ತಿಗೆ 4.0ರ ಟಿಪ್ಪಣಿಗಳು ಹೋಗಿರಬೇಕು. 4.0 ಬಂದದ್ದು 2021ರ ಡಿಸೆಂಬರಿನಲ್ಲಿ, 4.2 ಬಂದದ್ದು 2023ರ ಏಪ್ರಿಲಿನಲ್ಲಿ. ಅಂದರೆ ಒಂದು ಟಿಪ್ಪಣಿಯ ಆಯುಸ್ಸು ಒಂದೂವರೆ ವರ್ಷವೂ ಇಲ್ಲ. ಓದಿದಂದಿನಿಂದ ಇದು ತಲೆಯಲ್ಲಿ ಕೊರೆಯುತ್ತಿದೆ.

ಇದಕ್ಕೆ ತದ್ವಿರುದ್ಧವಾದ ಮನೆಯೂ ಪಕ್ಕದಲ್ಲೇ ಇದೆ. ಪೈಥಾನಿನ ಕೈಪಿಡಿ ತೆರೆದರೆ 2011ರಲ್ಲಿ ಬಂದ 3.2ರ ಟಿಪ್ಪಣಿಗಳು ಇವತ್ತಿಗೂ ಅಲ್ಲೇ ಕೂತಿವೆ. ಫೈಲ್ ತೆರೆಯುವ ‘ಓಪನ್’ ಎಂಬ ಒಂದು ಫಂಕ್ಷನ್ನಿನ ವಿವರಣೆ ಮುಗಿದ ಮೇಲೆ 3.3ರಲ್ಲಿ ಇದು ಬದಲಾಯಿತು, 3.4ರಲ್ಲಿ ಅದು, 3.5ರಲ್ಲಿ ಮತ್ತೊಂದು, 3.6, 3.11 ಎಂದು ಬಾಲ ಬೆಳೆಯುತ್ತ ಹೋಗುತ್ತದೆ. ಹೊಸದಾಗಿ ಕಲಿಯಲು ಬಂದ ಹುಡುಗಿಗೆ ಈ ಬಾಲದಿಂದ ಏನು ಉಪಯೋಗ? ಅವಳ ಲ್ಯಾಪ್‌ಟಾಪಿನಲ್ಲಿ ಇರುವುದು ಈಚಿನ ಪೈಥಾನ್. 3.3ರಲ್ಲಿ ಏನಾಯಿತು ಎಂಬುದು ಅವಳು ಪ್ರೈಮರಿ ಶಾಲೆಗೆ ಹೋಗುತ್ತಿದ್ದಾಗಿನ ಸುದ್ದಿ. ಅವಳ ಪರವಾಗಿ ಯೋಚಿಸಿದರೆ ಜಾಂಗೋದವರ ಕತ್ತರಿಯೇ ಸರಿ ಅನಿಸುತ್ತದೆ.

ಆದರೆ ಕತ್ತರಿ ಹಿಡಿದವರು ಸಾಮಾನ್ಯವಾಗಿ ಹೇಳುವ ಸಮಾಧಾನವೊಂದು ನನಗೆ ಸಹಿಸಲಾಗುವುದಿಲ್ಲ: ‘ಹೋದರೆ ಹೋಗಲಿ ಬಿಡಿ, ಹಳೆಯದೆಲ್ಲ ಗಿಟ್‌ನಲ್ಲಿದೆಯಲ್ಲ.’ ಇದೆ, ನಿಜ. ಯಾರು ಯಾವ ದಿನ ಯಾವ ಸಾಲು ಅಳಿಸಿದರು ಎಂಬುದೆಲ್ಲ ಅಲ್ಲಿದೆ. ಆದರೆ ಒಂದು ಸಾಲು ಅಲ್ಲಿತ್ತು ಎಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಅದು ಸಿಗುತ್ತದೆ. ರಾತ್ರಿ ಹನ್ನೊಂದಕ್ಕೆ ಸರ್ವರ್ ಕೈಕೊಟ್ಟಾಗ ಕೈಪಿಡಿ ತೆರೆಯುವವರಿಗೆ ಏನು ಕಳೆದಿದೆ ಎಂಬುದೇ ಗೊತ್ತಿರುವುದಿಲ್ಲ, ಹುಡುಕುವುದೆಲ್ಲಿಂದ ಬಂತು? ಉಗ್ರಾಣದಲ್ಲಿ ಬಿದ್ದಿರುವುದನ್ನು ಓದುಗರ ಕೈಯಲ್ಲಿದೆ ಎಂದು ಲೆಕ್ಕ ಹಾಕುವುದು ತಪ್ಪು. ಇದನ್ನು ಎಷ್ಟು ಸಲ ಹೇಳಿದರೂ ನನಗೆ ಸಾಕಾಗುವುದಿಲ್ಲ.

ಹಳೆಯದನ್ನು ತೆಗೆದೂ ಕಳೆದುಕೊಳ್ಳದಿರುವುದು ಹೇಗೆಂದು ಬಲ್ಲವರು ಕಾನೂನಿನ ಪುಸ್ತಕ ಅಚ್ಚು ಹಾಕುವವರು. ಸಂವಿಧಾನದ ಅಡಿಟಿಪ್ಪಣಿಗಳ ಮೇಲೆ ನನಗಿರುವ ಮೋಹ ಈ ಅಂಕಣದ ಓದುಗರಿಗೆ ಹೊಸದಲ್ಲ. ಹತ್ತೊಂಬತ್ತನೇ ವಿಧಿಯನ್ನೇ ನೋಡಿ. ಒಂದನೇ ಖಂಡದಲ್ಲಿ ಎ, ಬಿ, ಸಿ, ಡಿ, ಇ ಎಂದು ಸ್ವಾತಂತ್ರ್ಯಗಳ ಸಾಲು; ‘ಇ’ ಆದ ಮೇಲೆ ನಕ್ಷತ್ರದ ಗುರುತುಗಳು; ಅಲ್ಲಿಂದ ನೇರವಾಗಿ ‘ಜಿ’. ‘ಎಫ್’ ಇಲ್ಲ. ಅಲ್ಲಿದ್ದದ್ದು ಆಸ್ತಿ ಗಳಿಸುವ, ಹೊಂದುವ, ವಿಲೇವಾರಿ ಮಾಡುವ ಹಕ್ಕು. 44ನೇ ತಿದ್ದುಪಡಿ ಅದನ್ನು ಕೈಬಿಟ್ಟಿತು. 1979ರ ಜೂನ್ 20ರಿಂದ ಆ ಬದಲಾವಣೆ ಜಾರಿಗೆ ಬಂತು. ‘ಎಫ್’ ಹೋಯಿತೆಂದು ‘ಜಿ’ಯನ್ನು ಯಾರೂ ‘ಎಫ್’ ಮಾಡಲಿಲ್ಲ. ಮಾಡಿದ್ದರೆ, ವೃತ್ತಿ ಸ್ವಾತಂತ್ರ್ಯದ ಬಗ್ಗೆ ಅದುವರೆಗೆ ಬಂದಿದ್ದ ತೀರ್ಪುಗಳೆಲ್ಲ ಒಂದೇ ರಾತ್ರಿಯಲ್ಲಿ ತಪ್ಪು ಅಕ್ಷರವನ್ನು ತೋರಿಸುತ್ತಿದ್ದವು. ಇನ್ನೂ ಹತ್ತಿರದಿಂದ ನೋಡಿದರೆ, ‘ಇ’ ಉಪಖಂಡದ ಕೊನೆಗೆ ‘ಮತ್ತು’ ಎಂಬರ್ಥದ ಇಂಗ್ಲಿಷ್ ಪದವೊಂದು ಚೌಕ ಕಂಸದೊಳಗೆ ಕೂತಿದೆ. ‘ಎಫ್’ ಹೋದಮೇಲೆ ಉಳಿದ ವಾಕ್ಯ ವ್ಯಾಕರಣಬದ್ಧವಾಗಿರಲೆಂದು ಅದೇ ತಿದ್ದುಪಡಿ ಸೇರಿಸಿದ ಪದ ಅದು. ಆ ಒಂದು ಪದಕ್ಕೂ ಅಡಿಟಿಪ್ಪಣಿ ಉಂಟು: ಯಾವ ತಿದ್ದುಪಡಿ, ಎಷ್ಟನೇ ಸೆಕ್ಷನ್, ಯಾವ ದಿನದಿಂದ.

ಏಳನೇ ಭಾಗವೂ ಹೀಗೆಯೇ ಖಾಲಿ. ಆರನೇ ಭಾಗ ಮುಗಿದು ಎಂಟನೆಯದು ಶುರುವಾಗುವ ನಡುವೆ, ಇಲ್ಲೊಂದು ಭಾಗವಿತ್ತು, 1956ರ ಏಳನೇ ತಿದ್ದುಪಡಿ ಅದನ್ನು ಕೈಬಿಟ್ಟಿದೆ ಎಂಬ ಮಾತು ಮಾತ್ರ. ಅಲ್ಲಿದ್ದದ್ದು ‘ಬಿ’ ವರ್ಗದ ರಾಜ್ಯಗಳ ಆಡಳಿತ. ರಾಜಪ್ರಮುಖರಾಗಿ ಜಯಚಾಮರಾಜ ಒಡೆಯರ್ ಇದ್ದ ನಮ್ಮ ಹಳೆಯ ಮೈಸೂರು ಆ ವರ್ಗಕ್ಕೇ ಸೇರಿತ್ತು. ಆ ಭಾಗ ಹೋದದ್ದು ನವೆಂಬರ್ 1ರಂದು, ನಾವು ರಾಜ್ಯೋತ್ಸವ ಆಚರಿಸುವ ದಿನ. 1953ರ ಮೈಸೂರಿನ ಆದೇಶವೊಂದನ್ನು ಇವತ್ತು ಓದಲು ಕೂತ ಸಂಶೋಧಕನಿಗೆ ಆ ಖಾಲಿ ಜಾಗವೇ ದಾರಿ ತೋರಿಸುತ್ತದೆ.

ಇನ್ನೂ ಈಚಿನದು ಬೇಕೆಂದರೆ ಭಾರತೀಯ ದಂಡ ಸಂಹಿತೆ. 2024ರ ಜುಲೈ 1ರಿಂದ ಅದರ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು. ಇಲ್ಲಿ ಮಾತ್ರ ಅಂಕಿಗಳನ್ನೇ ಹೊಸದಾಗಿ ಹಾಕಿದರು. ಕೊಲೆಯ 302 ಈಗ 103. ವಂಚನೆಯ 420 ಈಗ 318ರ ನಾಲ್ಕನೇ ಉಪಪ್ರಕರಣ. ವಕೀಲರ ಕಚೇರಿಗಳಲ್ಲಿ ಹಳೆ ಸೆಕ್ಷನ್ ಎಡಕ್ಕೆ, ಹೊಸದು ಬಲಕ್ಕೆ ಹಾಕಿದ ಹೊಂದಾಣಿಕೆ ಪಟ್ಟಿ ಮೇಜಿನ ಗಾಜಿನಡಿ ಸೇರಿತು. ಜೂನ್ 30ರಂದು ನಡೆದ ಅಪರಾಧ ಇವತ್ತು ವಿಚಾರಣೆಗೆ ಬಂದರೂ ಅದಕ್ಕೆ ಅನ್ವಯಿಸುವುದು ಹಳೆಯ ಸಂಹಿತೆಯೇ. ಹೊಸ ಸಂಹಿತೆಯ 358ನೇ ಪ್ರಕರಣ ಹಳೆಯದನ್ನು ರದ್ದು ಮಾಡುವ ಜೊತೆಗೆ ಹಳೆಯ ಹೊಣೆಗಳನ್ನು ಉಳಿಸಿಯೂ ಇದೆ. 1897ರ ಜನರಲ್ ಕ್ಲಾಸಸ್ ಆಕ್ಟಿನ ಆರನೇ ಸೆಕ್ಷನ್ ಹೇಳುವುದೂ ಇದನ್ನೇ: ರದ್ದಾಯಿತೆಂದರೆ ಅದುವರೆಗೆ ಹುಟ್ಟಿದ ಹಕ್ಕುಬಾಧ್ಯತೆಗಳು ರದ್ದಾಗಲಿಲ್ಲ. ಕರ್ನಾಟಕದ ಭೂಸುಧಾರಣಾ ಕಾಯ್ದೆಯ 79ಎ, 79ಬಿ 2020ರಲ್ಲಿ ಹೋದವು. ಆದರೂ ಹಳೆಯ ಜಮೀನಿನ ಕಾಗದಪತ್ರ ಪರಿಶೀಲಿಸುವ ಯಾವ ವಕೀಲರೂ ಅವು ಏನು ಹೇಳುತ್ತಿದ್ದವೆಂದು ತಿಳಿಯದೆ ಮುಂದುವರಿಯುವ ಹಾಗಿಲ್ಲ.

ಇಷ್ಟು ಬರೆದು, ಸಾಫ್ಟ್‌ವೇರಿನವರೂ ಹೀಗೆ ಮಾಡಲಿ, ಎಲ್ಲ ಟಿಪ್ಪಣಿಗಳನ್ನೂ ಅಡಿಯಲ್ಲಿ ಸಣ್ಣಕ್ಷರದಲ್ಲಿ ಇಡಲಿ ಎಂದು ಮುಗಿಸುವುದು ನನಗೆ ಸುಲಭವಿತ್ತು. ಆದರೆ ಒಂದು ಕಡೆ ಹೋಲಿಕೆ ನಿಲ್ಲುವುದಿಲ್ಲ. ಕಾನೂನಿನ ಓದುಗ ಹಿಂದಕ್ಕೆ ನೋಡುವವನು. ಒಂದು ದಿನಾಂಕದಂದು ಏನು ಜಾರಿಯಲ್ಲಿತ್ತು ಎಂಬುದು ಅವನ ಪ್ರಶ್ನೆ. ಸಾಫ್ಟ್‌ವೇರಿನ ಹಳೆಯ ಟಿಪ್ಪಣಿ ಬೇಕಾಗುವುದು ಬಹುಪಾಲು ಒಂದು ಆವೃತ್ತಿಯಿಂದ ಇನ್ನೊಂದಕ್ಕೆ ದಾಟುತ್ತಿರುವವರಿಗೆ. ನೆನ್ನೆ ನಡೆಯುತ್ತಿದ್ದದ್ದು ಇವತ್ತು ಯಾಕೆ ನಡೆಯುತ್ತಿಲ್ಲ ಎಂಬುದು ಅವರ ಪ್ರಶ್ನೆ. ಅಂಥವರು ಕಡಿಮೆಯೇನಿಲ್ಲ. ರೆಡ್ ಹ್ಯಾಟ್ ಎಂಟರ್‌ಪ್ರೈಸ್ ಲಿನಕ್ಸ್ 8ರ ಜೊತೆಗೆ ಬರುವುದು ಪೈಥಾನ್ 3.6. ಪೈಥಾನಿನವರು ಅದರ ಪೋಷಣೆ ನಿಲ್ಲಿಸಿದ್ದು 2021ರ ಡಿಸೆಂಬರಿನಲ್ಲಿ. ರೆಡ್ ಹ್ಯಾಟಿನವರು ಆ ಲಿನಕ್ಸನ್ನು ನೋಡಿಕೊಳ್ಳುವುದು 2029ರ ಮೇ ತನಕ. ‘3.6 ಸತ್ತಿದೆ, ಅದರ ಟಿಪ್ಪಣಿ ಯಾಕೆ’ ಎಂದು ಕೇಳುವವರು ಯಾರ ಪಂಚಾಂಗ ಹಿಡಿದು ಕೇಳುತ್ತಿದ್ದಾರೆ ಎಂಬುದನ್ನೂ ಹೇಳಬೇಕಾಗುತ್ತದೆ.

ಹಾಗಾಗಿ ವಯಸ್ಸಿನ ಲೆಕ್ಕ ಬಿಟ್ಟು ಟಿಪ್ಪಣಿಗಳನ್ನೇ ಒಂದೊಂದಾಗಿ ಓದಲು ಕೂತೆ. ಓದುತ್ತ ಹೋದಂತೆ ಒಂದೇ ಬಗೆಯ ಪೆಟ್ಟಿಗೆಯೊಳಗೆ ಬೇರೆಬೇರೆ ಸಾಮಾನು ತುಂಬಿರುವುದು ಕಾಣಿಸಿತು.

ಪೈಥಾನಿನ ‘ಸ್ಲೀಪ್’ ಪ್ರೋಗ್ರಾಮನ್ನು ಇಷ್ಟು ಸೆಕೆಂಡು ತಡೆದು ನಿಲ್ಲಿಸುತ್ತದೆ. 3.4ರ ತನಕ ನಡುವೆ ಸಿಗ್ನಲ್ ಬಂದರೆ ಹೇಳಿದ್ದಕ್ಕಿಂತ ಬೇಗ ಎದ್ದುಬಿಡುತ್ತಿತ್ತು, 3.5ರಿಂದ ಉಳಿದ ಹೊತ್ತನ್ನೂ ಪೂರೈಸಿಯೇ ಏಳುತ್ತದೆ. ಟಿಪ್ಪಣಿ ಇದನ್ನು ಹೇಳುತ್ತದೆ. ಈಗಿನ ಕೈಪಿಡಿಯ ಮುಖ್ಯ ವಿವರಣೆಯೂ ಹೇಳುತ್ತದೆ. ಎರಡೂ ಕಡೆ ಇರುವುದರಿಂದ ಟಿಪ್ಪಣಿ ಅಳಿಸಿದರೆ ಹೋಗುವುದು ತಾರೀಖು ಮಾತ್ರ, ನಡವಳಿಕೆ ಪುಟದಲ್ಲೇ ಉಳಿಯುತ್ತದೆ. ಇಂಥ ಕಡೆ ಕತ್ತರಿ ಆಡಿಸಲು ಅಂಜಬೇಕಿಲ್ಲ.

‘ಮೇಕ್‌ಡರ್ಸ್’ ಬೇರೆಯೇ ಜಾತಿ. ಒಂದರೊಳಗೊಂದು ಫೋಲ್ಡರುಗಳನ್ನು ಸೃಷ್ಟಿಸುವ ಫಂಕ್ಷನ್ ಅದು. ಫೋಲ್ಡರ್ ಆಗಲೇ ಇದ್ದರೆ ತಕರಾರು ಮಾಡಬೇಡ ಎಂದು ಹೇಳಿದರೂ, ಅದರ ಅನುಮತಿಗಳು ನಾವು ಕೇಳಿದ್ದಕ್ಕೆ ಹೊಂದದಿದ್ದರೆ ಹಿಂದೆ ಎರರ್ ಕೊಡುತ್ತಿತ್ತು. 3.4.1ರಲ್ಲಿ ಆ ತಪಾಸಣೆಯನ್ನು ತೆಗೆದರು. ಯಾಕೆ? ಅದನ್ನು ಸುರಕ್ಷಿತವಾಗಿ ಮಾಡುವುದು ಸಾಧ್ಯವೇ ಇಲ್ಲವೆಂದು ಗೊತ್ತಾದದ್ದರಿಂದ. ಈ ಕಾರಣ ಇರುವುದು ಆ ಟಿಪ್ಪಣಿಯಲ್ಲಿ. ಮೇಲಿನ ವಿವರಣೆಯಲ್ಲಿ ಇದರ ಸುಳಿವಿಲ್ಲ. ‘3.4.1 ಯಾವ ಕಾಲದ್ದು’ ಎಂದು ಇದನ್ನು ಕಿತ್ತರೆ, ಮುಂದೆಂದೋ ಒಬ್ಬರು ಒಳ್ಳೆಯ ಮನಸ್ಸಿನಿಂದಲೇ ‘ಅನುಮತಿಗಳನ್ನೂ ಪರೀಕ್ಷಿಸಿದರೆ ಚೆನ್ನಲ್ಲವೇ’ ಎಂದು ಬಂದಾಗ ಮೊದಲಿಂದ ವಾದ ಶುರು. ಇದು ಆವೃತ್ತಿಯ ಟಿಪ್ಪಣಿಯ ವೇಷದಲ್ಲಿರುವ ತೀರ್ಮಾನ. ಇದರ ಜಾಗ ಮುಖ್ಯ ವಿವರಣೆಯಲ್ಲಿ, ಆವೃತ್ತಿಯ ಅಂಕಿ ಇದ್ದರೂ ಸರಿ, ಇಲ್ಲದಿದ್ದರೂ ಸರಿ.

ಅದೇ ಫಂಕ್ಷನ್ನಿಗೆ 3.7ರ ಟಿಪ್ಪಣಿಯೊಂದಿದೆ: ನಡುವೆ ಹುಟ್ಟಿಕೊಳ್ಳುವ ಫೋಲ್ಡರುಗಳ ಅನುಮತಿಗಳ ಮೇಲೆ ನಾವು ಕೊಟ್ಟ ‘ಮೋಡ್’ ಇನ್ನು ಪರಿಣಾಮ ಮಾಡುವುದಿಲ್ಲ. ಇದು ಭದ್ರತೆಯ ವಿಷಯ. ಕೊನೆಯ ಫೋಲ್ಡರಿಗೆ ಬೀಗ ಹಾಕಿದ್ದೇನೆ, ದಾರಿಯಲ್ಲಿನವಕ್ಕೂ ಬಿದ್ದಿದೆ ಎಂದು 3.6ರಲ್ಲಿ ನಂಬಿದ್ದವರ ಪ್ರೋಗ್ರಾಮ್ 3.7ಕ್ಕೆ ಬಂದಾಗ ಯಾವ ಎರರನ್ನೂ ಕೊಡದೆ ಬೇರೆಯಾಗಿ ನಡೆದುಕೊಳ್ಳುತ್ತದೆ. ಸದ್ದಿಲ್ಲದೆ ಬದಲಾದದ್ದರ ಟಿಪ್ಪಣಿ ಎಲ್ಲಕ್ಕಿಂತ ಹೆಚ್ಚು ಕಾಲ ಉಳಿಯಬೇಕು. ಯಾಕೆಂದರೆ ಅದನ್ನು ಓದುಗರಿಗೆ ನೆನಪಿಸುವವರು ಬೇರೆ ಯಾರೂ ಇಲ್ಲ.

ಹಾಗಾದರೆ ಸದ್ದು ಮಾಡಿ ಮುರಿಯುವ ಬದಲಾವಣೆಗಳು? ಇಲ್ಲಿ ಜಾಂಗೋದವರ ಬಗ್ಗೆ ನನ್ನ ಅಭಿಪ್ರಾಯ ಮೆತ್ತಗಾಯಿತು. ಬೇರೆ ಸೈಟಿನಿಂದ ಬರುವ ಫಾರ್ಮುಗಳಲ್ಲಿ ಯಾವುದನ್ನು ನಂಬಬಹುದು ಎಂದು ತಿಳಿಸುವ ಸೆಟ್ಟಿಂಗ್ ಒಂದಿದೆ, ‘ಸಿಎಸ್‌ಆರ್‌ಎಫ್ ಟ್ರಸ್ಟೆಡ್ ಆರಿಜಿನ್ಸ್’ ಎಂದು. 3.2ರಲ್ಲಿ ಅದಕ್ಕೆ ಬರೀ ಹೋಸ್ಟಿನ ಹೆಸರು ಸಾಕಿತ್ತು, 4.0ರಿಂದ ಹೆಸರಿಗೆ ಮೊದಲು ‘ಎಚ್‌ಟಿಟಿಪಿಎಸ್’ ಇತ್ಯಾದಿ ಸ್ಕೀಮ್ ಇರಲೇಬೇಕು. ದೊಡ್ಡ ಸಂಸ್ಥೆಗಳು ದೀರ್ಘಕಾಲ ಪೋಷಣೆ ಇದ್ದ 3.2ರಿಂದ ಅಂಥದೇ ಮುಂದಿನ ಆವೃತ್ತಿಯಾದ 4.2ಕ್ಕೆ ಒಂದೇ ಜಿಗಿತಕ್ಕೆ ಹೋಗುತ್ತವೆ. ನಾನು ಮೊದಲು ಹೇಳಿದ ನಿಯಮದ ಪ್ರಕಾರ 4.2ರ ಕೈಪಿಡಿಯಲ್ಲಿ 4.0ರ ಟಿಪ್ಪಣಿ ಹೋಗಿರುತ್ತದೆ. ಹಾರಿದವರು ಹಳ್ಳಕ್ಕೆ ಬೀಳಬೇಕಲ್ಲವೇ? ಬೀಳುವುದಿಲ್ಲ. ಹಳೆಯ ರೂಪದ ಹೆಸರು ಕಂಡರೆ ಜಾಂಗೋ ತಾನೇ ತಡೆದು ಹೇಳುತ್ತದೆ: 4.0ರಿಂದ ಈ ಸೆಟ್ಟಿಂಗಿನ ಮೌಲ್ಯಗಳು ಸ್ಕೀಮಿನಿಂದ ಶುರುವಾಗಬೇಕು, ನಿನ್ನಲ್ಲಿ ಸಿಕ್ಕಿದ್ದು ಇದು, ವಿವರಕ್ಕೆ ಬಿಡುಗಡೆ ಟಿಪ್ಪಣಿ ನೋಡು. ಆ ತಪಾಸಣೆಯ ಗುರುತಿನ ಸಂಖ್ಯೆಯಲ್ಲೇ 4.0 ಎಂದಿದೆ.

ಇದನ್ನು ನೋಡಿದ ಮೇಲೆ, ಟಿಪ್ಪಣಿ ಎಷ್ಟು ವರ್ಷ ಇರಬೇಕು ಎಂದು ಕೇಳುತ್ತ ಕೂತದ್ದೇ ದಾರಿ ತಪ್ಪಿಸಿತ್ತು ಎನಿಸಿತು. ಓದುಗರಿಗೆ ಆ ಮಾತು ಬೇಕಾಗುವ ಕ್ಷಣ ಯಾವುದು, ಆಗ ಅವರ ಕಣ್ಣು ಎಲ್ಲಿರುತ್ತದೆ ಎಂದು ಕೇಳಬೇಕಿತ್ತು. ಪ್ರೋಗ್ರಾಮ್ ನಿಂತುಹೋದಾಗ ಕಣ್ಣು ಇರುವುದು ಎರರಿನ ಮೇಲೆ, ಆದ್ದರಿಂದ ಮಾತು ಅಲ್ಲಿರಲಿ. ಮೇಲ್ದರ್ಜೆಗೆ ಹೋಗುವ ಮುನ್ನ ಕಣ್ಣು ಬಿಡುಗಡೆ ಟಿಪ್ಪಣಿಯ ಮೇಲಿರುತ್ತದೆ. ಸದ್ದಿಲ್ಲದ ಬದಲಾವಣೆಗೆ ಮಾತ್ರ ಫಂಕ್ಷನ್ನಿನ ಪುಟವೇ ಗತಿ.

ಅಳಿಸುವ ಕೆಲಸವನ್ನು ಎರಡು ಕಮಿಟ್‌ಗಳಾಗಿ ಮಾಡಿ ಎಂದು ನಾನು ಕೇಳಿಕೊಳ್ಳುವುದೂ ಇದಕ್ಕೇ. ಮೊದಲನೆಯದರಲ್ಲಿ ಟಿಪ್ಪಣಿಯೊಳಗಿನ ನಡವಳಿಕೆ, ಕಾರಣ, ಎಚ್ಚರಿಕೆಗಳನ್ನು ಅವುಗಳ ಜಾಗಕ್ಕೆ ಸಾಗಿಸಿ. ಅದನ್ನು ವಿಷಯ ಬಲ್ಲವರು ಓದಲಿ. ಎರಡನೆಯದರಲ್ಲಿ ಬರಿದಾದ ಟಿಪ್ಪಣಿ ಅಳಿಸಿ. ಅದನ್ನು ಯಾರು ಬೇಕಾದರೂ ನೋಡಿ ಒಪ್ಪಬಹುದು. ಎರಡನ್ನೂ ಒಟ್ಟಿಗೆ ಮಾಡಿದರೆ ನೂರಾರು ಅಳಿಸಿದ ಸಾಲುಗಳ ನಡುವೆ ಮೇಕ್‌ಡರ್ಸಿನ ಆ ಒಂದು ಕಾರಣ ಹೋದದ್ದು ಯಾರ ಕಣ್ಣಿಗೂ ಬೀಳದು.

ಟಿಪ್ಪಣಿ ಇಲ್ಲದ್ದರಿಂದಲೇ ತೊಂದರೆಯಾಗುವ ಜಾಗವೊಂದು ಕನ್ನಡಿಗರಿಗೆ ಹತ್ತಿರದ್ದು. ಹಳಗನ್ನಡ ಬರಹದ ನಕಾರ ಪೊಲ್ಲು, ಅಂದರೆ ಸ್ವರವಿಲ್ಲದ ನಕಾರಕ್ಕಿದ್ದ ಪ್ರತ್ಯೇಕ ಗುರುತು, ಯುನಿಕೋಡಿಗೆ ಸೇರಿದ್ದು 2021ರಲ್ಲಿ, 14.0ರ ಜೊತೆ. ಪೈಥಾನ್ 3.10ರಲ್ಲಿರುವುದು ಯುನಿಕೋಡ್ 13. ಅಲ್ಲಿ ಆ ಅಕ್ಷರದ ಹೆಸರು ಕೇಳಿದರೆ ಅಂಥ ಹೆಸರಿಲ್ಲ ಎಂಬ ಎರರ್ ಬರುತ್ತದೆ. 3.11ರಲ್ಲಿ ಹೆಸರು ಸಿಗುತ್ತದೆ. ಹಳೆಯ ಪಠ್ಯಗಳನ್ನು ಕಂಪ್ಯೂಟರಿಗೆ ಏರಿಸುತ್ತಿರುವವರು ಕಾರಣ ಹುಡುಕಿಕೊಂಡು ಯುನಿಕೋಡ್ ಮಾಡ್ಯೂಲಿನ ಪುಟಕ್ಕೆ ಬಂದರೆ, ಅಲ್ಲಿರುವುದು ಆಯಾ ಪೈಥಾನ್ ಬಳಸುವ ಯುನಿಕೋಡಿನ ಅಂಕಿ ಮಾತ್ರ. ಪ್ರತಿ ಸಲ ಹಳೆಯ ಅಂಕಿಯ ಮೇಲೆ ಹೊಸದನ್ನು ಬರೆಯುತ್ತಾರೆ. ಉತ್ತರ ಇರುವುದು 3.11ರ ‘ಹೊಸತೇನು’ ಪುಟದ ಒಂದು ಸಾಲಿನಲ್ಲಿ. ಯಾವ ಪೈಥಾನಿಗೆ ಯಾವ ಯುನಿಕೋಡ್ ಎಂಬ ಎರಡು ಕಾಲಮ್ಮಿನ ಪಟ್ಟಿಯೊಂದು ಮಾಡ್ಯೂಲಿನ ಪುಟದಲ್ಲೇ ಇರಬೇಕು. 3.0ರಿಂದ ಎಣಿಸಿದರೂ ಇಪ್ಪತ್ತು ಸಾಲು ಮೀರದು, ವರ್ಷಕ್ಕೆ ಒಂದು ಸಾಲು ಸೇರಿಸಿದರೆ ಸಾಕು.