ವೋಟು ಕೇಳುವ ಸರ್ಕಾರಿ ವಕೀಲರು



“ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ” ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ಕರಿಕೋಟು ಕಂಡರೆ ನಮಗೆಲ್ಲ ಎದೆ ಡವಡವ. ಹೀಗಿರುವಾಗ ತಿಪಟೂರಿನ ಓದುಗಿಯೊಬ್ಬರು ಕಾಗದ ಬರೆದು ಕೇಳಿದ್ದಾರೆ: “ನನ್ನ ಮಗಳು ಅಮೆರಿಕದಲ್ಲಿದ್ದಾಳೆ. ಅಲ್ಲಿ ಸರ್ಕಾರಿ ವಕೀಲರೂ ಚುನಾವಣೆಗೆ ನಿಂತು ವೋಟು ಕೇಳ್ತಾರಂತೆ, ನಿಜವೇ? ವಕೀಲರಿಗೆ ವೋಟು ಯಾಕೆ?”

ನಿಜ ಕಣ್ರೀ. ಅಲ್ಲಿನ ಪ್ರತಿ ರಾಜ್ಯಕ್ಕೂ ‘ಅಟಾರ್ನಿ ಜನರಲ್’ ಎಂಬ ಮುಖ್ಯ ಕಾನೂನು ಅಧಿಕಾರಿ ಇರುತ್ತಾರೆ. 50 ರಾಜ್ಯಗಳ ಪೈಕಿ 43ರಲ್ಲಿ ಇವರನ್ನು ಜನರೇ ಆರಿಸುತ್ತಾರೆ. ನಮ್ಮಲ್ಲಿ ಇದಕ್ಕೆ ಹತ್ತಿರದ ಹುದ್ದೆ ಅಡ್ವೊಕೇಟ್ ಜನರಲ್. ಸಂವಿಧಾನದ 165ನೇ ವಿಧಿಯಂತೆ ಅವರನ್ನು ರಾಜ್ಯಪಾಲರು ನೇಮಿಸುತ್ತಾರೆ; ಸರ್ಕಾರ ಬದಲಾದರೆ ಸಾಮಾನ್ಯವಾಗಿ ಅವರೂ ಬದಲಾಗುತ್ತಾರೆ. ಅಲ್ಲಿ ಗವರ್ನರ್ ಎಂದರೆ ನಮ್ಮ ಮುಖ್ಯಮಂತ್ರಿಯ ಹಾಗೆ ರಾಜ್ಯ ಆಳುವವರು. ಜನ ಆರಿಸಿದ ಅಟಾರ್ನಿ ಜನರಲ್ ಮೇಲೆ ಅವರಿಗೆ ಎಷ್ಟೇ ಸಿಟ್ಟು ಬಂದರೂ “ನಾಳೆಯಿಂದ ಬರಬೇಡಿ” ಅನ್ನುವ ಹಾಗಿಲ್ಲ.

ಇದರಿಂದ ಮನೆಮಂದಿಗೆ ಏನು ಲಾಭ ಅಂತೀರಾ? ಒಂದು ಕಥೆ ಹೇಳ್ತೀನಿ, ನಡೆದ ಕಥೆ.

ಸಿಗರೇಟು ಸೇದಿ ಕಾಯಿಲೆ ಬಿದ್ದವರು ಅಲ್ಲಿ ಎಷ್ಟೋ ವರ್ಷ ಕಂಪನಿಗಳ ಮೇಲೆ ದಾವೆ ಹೂಡಿ ಸೋಲುತ್ತಲೇ ಬಂದಿದ್ದರು. “ಸೇದು ಅಂತ ನಾವು ಬಲವಂತ ಮಾಡಿದೆವಾ?” ಎಂಬುದು ಕಂಪನಿಗಳ ಮಾತು. 1994ರಲ್ಲಿ ಮಿಸಿಸಿಪ್ಪಿ ರಾಜ್ಯದ ಅಟಾರ್ನಿ ಜನರಲ್ ಮೈಕ್ ಮೂರ್ ಬೇರೆ ದಾರಿ ಹಿಡಿದರು. ಬಡ ರೋಗಿಗಳ ಆಸ್ಪತ್ರೆ ಖರ್ಚು ಕೊಡುವುದು ಸರ್ಕಾರ. ಸರ್ಕಾರವೇನು ಸಿಗರೇಟು ಸೇದಿತ್ತೇ? ಹಾಗಾದರೆ ಆ ಖರ್ಚನ್ನು ಕಂಪನಿಯೇ ಕಟ್ಟಿಕೊಡಲಿ ಅಂತ ರಾಜ್ಯದ ಪರವಾಗಿ ದಾವೆ ಹಾಕಿದರು.

ಅವರದೇ ರಾಜ್ಯದ ಗವರ್ನರಿಗೆ ಇದು ಹಿಡಿಸಲಿಲ್ಲ. ದಾವೆ ನಿಲ್ಲಿಸಲು ಅವರೇ ಕೋರ್ಟಿಗೆ ಹೋದರು, ಆದರೆ ನಡೆಯಲಿಲ್ಲ. ನೇಮಕಗೊಂಡ ವಕೀಲರಾಗಿದ್ದರೆ ಆ ಕಡತ ಅಂದೇ ಅಟ್ಟ ಸೇರುತ್ತಿತ್ತೋ ಏನೋ! ಕೊನೆಗೆ 1997ರಲ್ಲಿ ಮಿಸಿಸಿಪ್ಪಿಯೊಂದಿಗೆ ರಾಜಿಯಾಯಿತು. 1998ರಲ್ಲಿ 46 ರಾಜ್ಯಗಳು ದೊಡ್ಡ ಕಂಪನಿಗಳೊಂದಿಗೆ ಒಪ್ಪಂದ ಮಾಡಿಕೊಂಡವು. 25 ವರ್ಷಗಳಲ್ಲಿ ಕಡಿಮೆಯೆಂದರೂ 20,600 ಕೋಟಿ ಡಾಲರ್ ಕೊಡಬೇಕು. ಮಕ್ಕಳನ್ನು ಸೆಳೆಯುವ ಕಾರ್ಟೂನು ಜಾಹೀರಾತು, ರಸ್ತೆಬದಿಯ ದೊಡ್ಡ ಫಲಕ ಎರಡೂ ಬಂದ್ ಎಂದಾಯಿತು.

ಇನ್ನು ದಿನನಿತ್ಯದ ವಿಷಯಕ್ಕೆ ಬರೋಣ. ಅಂಗಡಿಯವರು ಮೋಸ ಮಾಡಿದರು, ರಿಪೇರಿಯವನು ದುಡ್ಡು ತಿಂದ ಎಂಬ ದೂರುಗಳನ್ನು ಅಲ್ಲಿ ಬಹಳ ರಾಜ್ಯಗಳಲ್ಲಿ ಇವರ ಕಚೇರಿಗೇ ಬರೆಯಬಹುದು. ಒಬ್ಬೊಬ್ಬರ ಸ್ವಂತ ಕೇಸು ಅವರು ನಡೆಸಿಕೊಡುವುದಿಲ್ಲ. ಆದರೆ ಒಂದೇ ಕಂಪನಿಯ ಮೇಲೆ ರಾಶಿ ದೂರು ಬಂದರೆ ರಾಜ್ಯದ ಪರವಾಗಿ ದಾವೆ ಹೂಡುತ್ತಾರೆ.

ಹೆಂಗಸರೂ ಈ ಕುರ್ಚಿ ಏರಿದ್ದಾರೆ. ಚುನಾವಣೆಯಲ್ಲಿ ಗೆದ್ದ ಮೊದಲನೆಯವರು ರೋಡ್ ಐಲೆಂಡಿನ ಆರ್ಲೀನ್ ವಯಲೆಟ್. ಕ್ರೈಸ್ತ ಸನ್ಯಾಸಿನಿಯಾಗಿದ್ದ ಅವರು ಮಠ ಬಿಟ್ಟು ಚುನಾವಣೆಗೆ ನಿಂತು 1984ರಲ್ಲಿ ಗೆದ್ದರು. 1986ರಲ್ಲಿ ಮತದಾರರೇ ಸೋಲಿಸಿದರು. ಚೆನ್ನೈ ಮೂಲದ ಶ್ಯಾಮಲಾ ಗೋಪಾಲನ್ ಅವರ ಮಗಳು ಕಮಲಾ ಹ್ಯಾರಿಸ್ 2011ರಿಂದ 2017ರ ತನಕ ಕ್ಯಾಲಿಫೋರ್ನಿಯಾದಲ್ಲಿ ಇದೇ ಹುದ್ದೆಯಲ್ಲಿದ್ದರು.

ಹಾಗಂತ ಎಲ್ಲವೂ ಹಾಲುಜೇನು ಅಂದುಕೊಳ್ಳಬೇಡಿ. ಚುನಾವಣೆ ಎಂದ ಮೇಲೆ ಪಕ್ಷವೂ ಬಂತು, ಪ್ರಚಾರದ ದುಡ್ಡೂ ಬಂತು. ಎಷ್ಟೋ ಮಂದಿಗೆ ಮುಂದೆ ಗವರ್ನರ್ ಆಗುವ ಆಸೆ. ಯಾವ ದಾವೆ ನ್ಯಾಯಕ್ಕೆ, ಯಾವುದು ವೋಟಿಗೆ ಅಂತ ಹೇಳುವುದು ಕಷ್ಟ. ಸಿಗರೇಟಿನಿಂದ ಬಂದ ಹಣವನ್ನೇ ನೋಡಿ: ಚಟ ಬಿಡಿಸುವುದಕ್ಕೆ ರಾಜ್ಯಗಳು ಖರ್ಚು ಮಾಡಿದ್ದು ಸ್ವಲ್ಪ, ಉಳಿದದ್ದು ಬೇರೆ ಬೇರೆ ಬಾಬತ್ತಿಗೆ ಹೋಯಿತು. ಮನೆಖರ್ಚಿನ ಲೆಕ್ಕ ಬರೆಯುವ ನಮಗೆ ಇದು ಅರ್ಥವಾಗದ ಮಾತಲ್ಲ.

ನಮ್ಮಲ್ಲಿ ವೋಟು ಕೇಳುವ ವಕೀಲರಿಲ್ಲ, ಹಾಗೆಂದು ನಾವು ಕೈಕಟ್ಟಿ ಕೂರಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆಯಂತೆ ಹೆಂಗಸರಿಗೆ ವರಮಾನ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ವಿಚಾರಿಸಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. ಕೊಂಡ ಸಾಮಾನಿನಲ್ಲಿ ಮೋಸವಾದರೆ ಗ್ರಾಹಕರ ಸಹಾಯವಾಣಿ 1915 ಇದೆ. ರಸೀದಿ ಜೋಪಾನ ಮಾಡಿ.

ತಿಪಟೂರಿನ ಸೋದರಿಗೆ ಉತ್ತರ ಸಿಕ್ಕಿತು ಅಂದುಕೊಳ್ತೀನಿ. ನಿಮ್ಮ ಮನಸ್ಸಿನಲ್ಲೂ ಪ್ರಶ್ನೆಗಳಿದ್ದರೆ ಸಂಕೋಚಪಡದೆ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಮತ್ತೆ ಸಿಗೋಣ.