ಮನೆಯ ಎರಡನೆಯ ಕಾರು

ಪೀಣ್ಯ, ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಸುತ್ತ ನೆಲೆಸಿರುವ ನಮ್ಮ ಗೃಹಸ್ಥ ಬಂಧುಗಳಲ್ಲಿ ಈಚೆಗೆ ಹೊಸದೊಂದು ಜಿಜ್ಞಾಸೆ ತಲೆದೋರಿದೆ. ವಿದ್ಯುತ್ ಕಾರೊಂದು ಮನೆಗೆ ಬಂದಾಗಿದೆ. ದಿನನಿತ್ಯದ ಓಡಾಟಕ್ಕೆ ಒಗ್ಗಿಯೂ ಹೋಗಿದೆ. ಅದರ ಜೊತೆಗೆ ಇರಬೇಕಾದ ಎರಡನೆಯ ಕಾರು ಯಾವುದು? ಪೆಟ್ರೋಲಿನದೋ, ಡೀಸೆಲಿನದೋ, ಮತ್ತೊಂದು ವಿದ್ಯುತ್ ಕಾರೋ? ಮಠದ ಪಾಠಶಾಲೆಯಲ್ಲಿ ವ್ಯಾಕರಣ ಓದಿ ಬೆಳೆದ ನಮ್ಮಂಥವರಿಗೆ ಇದರಲ್ಲಿ ಏನು ಕೆಲಸವೆಂದು ವಾಚಕರು ಕೇಳಬಹುದು. ಆದರೆ ಕಾರಿನಿಂದ ಆರಂಭವಾದ ಈ ಮಾತು ಸಾಲದ ಕಂತು, ಹಿರಿಯರ ಮೊಣಕಾಲು, ಸೊಸೆಯ ಓಡಾಟ, ಊರಿನ ಜಾತ್ರೆ ಇವನ್ನೆಲ್ಲ ಮುಟ್ಟದೆ ಮುಗಿಯುವುದಿಲ್ಲ. ಆದಕಾರಣ ಕುಟುಂಬದ ಪತ್ರಿಕೆಯಲ್ಲಿ ಇದಕ್ಕೆ ಎಡೆಯುಂಟೆಂದೇ ನಮ್ಮ ಭಾವನೆ.

ವಿದ್ಯುತ್ ಕಾರು ಈ ನೆಲಕ್ಕೆ ಹೊಸ ಅತಿಥಿಯೇನಲ್ಲ. ಎಲೆಕ್ಟ್ರಾನಿಕ್ ಸಿಟಿಯ ಆಚೆ ಬೊಮ್ಮಸಂದ್ರದಲ್ಲಿ ತಯಾರಾದ ರೇವಾ ಕಾರು 2001ರಲ್ಲಿಯೇ ಬೆಂಗಳೂರಿನ ಬೀದಿಗಿಳಿದಿತ್ತು. ಬೆಂಗಳೂರಿನ ಮೈನಿ ಸಮೂಹವು ಅಮೆರಿಕದ ಸಂಸ್ಥೆಯೊಂದರೊಡನೆ ಕೂಡಿ 1994ರಲ್ಲಿ ಹುಟ್ಟುಹಾಕಿದ ಉದ್ಯಮವದು. ಚೇತನ್ ಮೈನಿಯವರು ಅದರ ಮುಖ್ಯ ರೂವಾರಿ. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಮಕ್ಕಳು, ಸೀಸದ ಬ್ಯಾಟರಿಗಳು, ಒಮ್ಮೆ ಚಾರ್ಜ್ ಮಾಡಿದರೆ ಸುಮಾರು 80 ಕಿಲೋಮೀಟರು: ಅದರ ಸಂಸಾರವಿಷ್ಟೆ. ಇದೇ ಕಾರು ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಿನಿಂದ ಓಡಾಡಿತು. 2010ರಲ್ಲಿ ಆ ಉದ್ಯಮದ ಬಹುಪಾಲು ಮಹೀಂದ್ರ ಸಂಸ್ಥೆಯ ಕೈಸೇರಿತು. ರೇವಾದಲ್ಲಿ ಕುಳಿತು ಬೆಂಗಳೂರಿನಿಂದ ತುಮಕೂರಿಗೆ ಹೋದವನು ಅಲ್ಲಿಯೇ ಚಾರ್ಜ್ ಮಾಡಿಕೊಳ್ಳದೆ ಮರಳುವಂತಿರಲಿಲ್ಲ. ಆದ್ದರಿಂದ ಅದನ್ನು ಕೊಂಡ ಮನೆಯಲ್ಲಿ ಪೆಟ್ರೋಲ್ ಕಾರೇ ಯಜಮಾನ, ವಿದ್ಯುತ್ ಕಾರು ಅದರ ಸಹಾಯಕ.

ಇಂದು ಈ ಸಂಬಂಧ ತಿರುವುಮುರುವಾಗಿದೆ. 2020ರ ಆರಂಭದಲ್ಲಿ ಬಂದ ಟಾಟಾ ನೆಕ್ಸಾನ್ ವಿದ್ಯುತ್ ಕಾರಿನ ಪ್ರಮಾಣೀಕೃತ ದೂರ 312 ಕಿಲೋಮೀಟರು. ಆಮೇಲೆ ಬಂದವುಗಳಲ್ಲಿ ಅದನ್ನು ಮೀರಿಸಿದವು ಹಲವು. ಪ್ರಮಾಣಪತ್ರದ ಅಂಕಿಯನ್ನು ಹಾಗೆಯೇ ನಂಬಲಾಗದು. ಹೆದ್ದಾರಿಯ ವೇಗ, ಎ.ಸಿ., ತುಂಬಿದ ಮನೆಮಂದಿ ಇವು ಸೇರಿದರೆ ಮೂರರಲ್ಲಿ ಎರಡು ಪಾಲು ದಕ್ಕಿತೆಂದು ಲೆಕ್ಕ ಹಿಡಿಯುವುದು ಕ್ಷೇಮ. ಆದರೂ ನಿತ್ಯದ 40 ಕಿಲೋಮೀಟರಿಗೆ ಅದು ಬೇಕಾದಷ್ಟಾಯಿತು. ದಿನಕ್ಕೆ ಆರು ಯೂನಿಟ್ಟಿನಷ್ಟು ವಿದ್ಯುತ್ತು, ರಾತ್ರಿ ಮನೆಯ 15 ಆಂಪಿಯರ್ ಪ್ಲಗ್ಗಿನಲ್ಲಿಯೇ ಕೆಲಸ ಮುಗಿಯುತ್ತದೆ. ಗೃಹಜ್ಯೋತಿಯ ಫಲಾನುಭವಿಗಳು ಮಾತ್ರ ಒಂದು ಮಾತನ್ನು ಗಮನಿಸತಕ್ಕದ್ದು. ತಿಂಗಳಿಗೆ ಈ 150 ಯೂನಿಟ್ ಮನೆಯ ಮೀಟರಿಗೆ ಸೇರಿ 200 ದಾಟಿದರೆ ಬಿಲ್ಲು ಪೂರ್ತಿ ಕಟ್ಟಬೇಕಾಗುತ್ತದೆ. ಕಾರಿಗೆಂದು ಬೇರೆ ಮೀಟರು ಪಡೆಯುವ ಬಗ್ಗೆ ಬೆಸ್ಕಾಂ ಕಚೇರಿಯಲ್ಲಿ ವಿಚಾರಿಸುವುದು ಒಳಿತು.

ಹಾಗಾದರೆ ಎರಡನೆಯ ಕಾರಿಗೆ ಉಳಿದ ಕೆಲಸವೇನು? ಈ ಪ್ರಶ್ನೆಯನ್ನು ಬಹುಮಂದಿ ಕೇಳಿಕೊಳ್ಳುವುದೇ ಇಲ್ಲ. ಊರಿಗೆ ಹೋಗಲು ದೊಡ್ಡ ಕಾರು ಬೇಕೆಂಬ ಒಂದೇ ಮಾತಿನಿಂದ ಷೋರೂಮಿನ ಮೆಟ್ಟಿಲೇರುತ್ತಾರೆ. ಸ್ವಲ್ಪ ಲೆಕ್ಕ ಹಾಕೋಣ. 10 ಲಕ್ಷ ರೂಪಾಯಿ ಸಾಲವನ್ನು ಶೇಕಡಾ 9ರ ಬಡ್ಡಿಗೆ ಏಳು ವರ್ಷದ ಅವಧಿಗೆ ತೆಗೆದರೆ ತಿಂಗಳ ಕಂತು ಸುಮಾರು 16,000, ವರ್ಷಕ್ಕೆ 1,93,000. ಯುಗಾದಿ, ಜಾತ್ರೆ, ಒಂದೆರಡು ಮದುವೆ, ಮಕ್ಕಳ ಬೇಸಗೆ ರಜೆ ಎಲ್ಲ ಸೇರಿ ಆ ಕಾರು ವರ್ಷದಲ್ಲಿ ಹತ್ತು ದಿನ ಹೆದ್ದಾರಿ ಕಂಡಿತೆನ್ನೋಣ. ಆಗ ಒಂದೊಂದು ದಿನದ ಪ್ರಯಾಣಕ್ಕೂ ಎಣ್ಣೆ, ವಿಮೆ ಬಿಟ್ಟು 19,000 ರೂಪಾಯಿಗೂ ಮಿಗಿಲಾಗಿ ತೆತ್ತಂತಾಯಿತು. ಅಷ್ಟು ಹಣದಲ್ಲಿ ಚಾಲಕನ ಸಮೇತ ಬಾಡಿಗೆ ಕಾರು ಹಿಡಿದು ದಾವಣಗೆರೆಗೆ ಹೋಗಿ ಬಂದು ಇನ್ನೂ ಉಳಿಸಬಹುದು. 2025ರ ಸೆಪ್ಟೆಂಬರ್ 22ರಂದು ಸಣ್ಣ ಪೆಟ್ರೋಲ್ ಕಾರುಗಳ ಜಿ.ಎಸ್.ಟಿ. ಶೇಕಡಾ 28ರಿಂದ 18ಕ್ಕೆ ಇಳಿದಾಗ ಅಗ್ಗವಾಯಿತೆಂದು ಮುನ್ನುಗ್ಗಿದವರುಂಟು. ಅಗ್ಗವಾದುದು ನಿಜ, ನಿಂತಲ್ಲೇ ನಿಲ್ಲುವ ಕಾರಿಗೆ ಅಗ್ಗದ ಬೆಲೆಯೂ ದುಬಾರಿಯೆ.

ಊರು ಯಾವುದೆಂಬುದರ ಮೇಲೂ ನಿರ್ಣಯ ನಿಲ್ಲುತ್ತದೆ. ತುಮಕೂರು, ಚಿತ್ರದುರ್ಗ, ದಾವಣಗೆರೆ, ಹುಬ್ಬಳ್ಳಿಗಳೆಲ್ಲ ರಾಷ್ಟ್ರೀಯ ಹೆದ್ದಾರಿ 48ರ ಮೇಲಿವೆ. ಆ ದಾರಿಯಲ್ಲಿ ವೇಗದ ಚಾರ್ಜಿಂಗ್ ಕೇಂದ್ರಗಳು ಸಿಗುತ್ತವೆ. ಊಟಕ್ಕೆ ನಿಂತ ಒಂದು ಗಂಟೆಯಲ್ಲಿ ಮುಂದಿನ ಹಾದಿಗೆ ಬೇಕಾದುದು ತುಂಬಿಕೊಳ್ಳುತ್ತದೆ. ಸರದಿಯಲ್ಲಿ ನಾಲ್ಕು ಕಾರು ಮುಂದಿದ್ದರೆ ಆ ಒಂದು ಗಂಟೆ ಮೂರಾಗುವುದೂ ಉಂಟು, ಹಬ್ಬದ ಹಿಂದಿನ ದಿನ ವಿಶೇಷವಾಗಿ. ಕಲಬುರಗಿಯ ಕಡೆಯವರ ಪಾಡು ಬೇರೆ. 550 ಕಿಲೋಮೀಟರಿಗೂ ಮಿಕ್ಕಿದ ದಾರಿ, ಕೊನೆಗೆ ಹೆದ್ದಾರಿ ಬಿಟ್ಟು ಒಳಗಿನ ಹಳ್ಳಿ, ಅಲ್ಲಿ ವೋಲ್ಟೇಜು ಕುಸಿದ ಸಿಂಗಲ್ ಫೇಸ್ ವಿದ್ಯುತ್ತು. ವಯಸ್ಸಾದ ತಂದೆತಾಯಿಗಳನ್ನು ನೋಡಲು ತಿಂಗಳಿಗೊಮ್ಮೆ ಅಂಥ ಊರಿಗೆ ಹೋಗಲೇಬೇಕಾದ ಮಗನಿಗೆ ಎಣ್ಣೆಯ ಕಾರು ಅಗತ್ಯವೇ. ಅವನಿಗೆ ಡೀಸೆಲ್ ಕೂಡ ಒಪ್ಪುತ್ತದೆ.

ಉಳಿದವರು ಡೀಸೆಲಿನ ಗೊಡವೆಗೆ ಹೋಗದಿರುವುದು ಮೇಲು. 2020ರ ಏಪ್ರಿಲಿನಿಂದ ಜಾರಿಯಾದ ಬಿ.ಎಸ್. 6 ನಿಯಮದ ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿಯನ್ನು ಹಿಡಿದಿಡುವ ಶೋಧಕವೊಂದಿರುತ್ತದೆ. ಒಂದೇ ಸಮನಾದ ವೇಗದಲ್ಲಿ ಸ್ವಲ್ಪ ಹೊತ್ತು ಓಡಿದಾಗ ಆ ಮಸಿ ಒಳಗೇ ಸುಟ್ಟುಹೋಗುತ್ತದೆ. ಮಾರತ್ತಹಳ್ಳಿಯಿಂದ ವೈಟ್‌ಫೀಲ್ಡಿಗೆ ತೆವಳುವ ಕಾರಿಗೆ ಅಂಥ ಓಟವೆಲ್ಲಿಯದು? ಮಸಿ ಕಟ್ಟಿಕೊಂಡು ಎಚ್ಚರಿಕೆಯ ದೀಪ ಹತ್ತುತ್ತದೆ, ಗ್ಯಾರೇಜಿನ ಬಿಲ್ಲು ಬರುತ್ತದೆ. ಸಿ.ಎನ್.ಜಿ. ಅಗ್ಗವಾದರೂ ಅನೇಕ ಕಾರುಗಳಲ್ಲಿ ಸಿಲಿಂಡರು ಡಿಕ್ಕಿಯನ್ನು ನುಂಗುತ್ತದೆ. ಊರಿನಿಂದ ಜೋಳದ ಚೀಲ ತರುವವರಿಗೆ ಅದು ತಕ್ಕದ್ದಲ್ಲ. ಹೈಬ್ರಿಡ್ ಕಾರು ಉತ್ತಮವೇ, ಒಂದೇ ಕಾರಿನಲ್ಲಿ ಎಲ್ಲ ಮುಗಿಸುವವರಿಗೆ. ಕಡಿಮೆ ಓಡುವ ಎರಡನೆಯ ಕಾರಿಗೆ ಅಷ್ಟು ಬೆಲೆ ತೆತ್ತರೆ ಅದು ಮರಳಿ ಬಾರದು.

ಇನ್ನು ನಾವು ಮುಖ್ಯವೆಂದು ಬಗೆದ ಮಾತು. ಎಷ್ಟೋ ಮನೆಗಳಲ್ಲಿ ಹೊಸ ವಿದ್ಯುತ್ ಕಾರು ಯಜಮಾನರ ಪಾಲು. ಬೆಳಿಗ್ಗೆ ಅದನ್ನು ಕಚೇರಿಗೆ ಒಯ್ದು ಸಂಜೆಯವರೆಗೆ ನೆಲಮಾಳಿಗೆಯಲ್ಲಿ ನಿಲ್ಲಿಸುತ್ತಾರೆ. ಸೊಸೆಯೋ ಮಡದಿಯೋ ಹಳೆಯ ಪೆಟ್ರೋಲ್ ಕಾರಿನಲ್ಲಿ ಕ್ಲಚ್ಚು ಒತ್ತುತ್ತ, ಮಗುವಿನ ಶಾಲೆ, ಮಾವನವರ ವೈದ್ಯರು, ತರಕಾರಿ, ತನ್ನ ಉದ್ಯೋಗ ಎಂದು ದಿನಕ್ಕೆ ಐದಾರು ಬಾರಿ ಹೊರಡುತ್ತಾಳೆ. ಎಂಜಿನ್ ಬಿಸಿಯಾಗುವ ಮೊದಲೇ ಮುಗಿಯುವ ಇಂಥ ತುಂಡು ಪ್ರಯಾಣಗಳಲ್ಲಿ ಪೆಟ್ರೋಲ್ ಹೆಚ್ಚು ಸುಡುತ್ತದೆ, ಎಂಜಿನ್ನಿಗೂ ಕೇಡು. ವಿದ್ಯುತ್ ಕಾರು ಹೇಳಿ ಮಾಡಿಸಿದಂತಿರುವುದು ಇವಕ್ಕೇ. ಆದ್ದರಿಂದ ವಿದ್ಯುತ್ ಕಾರು ಪೇಟೆಯೊಳಗೆ ಯಾರು ಹೆಚ್ಚು ತಿರುಗುತ್ತಾರೋ ಅವರಿಗೆ ಸಲ್ಲಬೇಕು. ಯಜಮಾನರಿಗೆ ಮೆಟ್ರೋ ಇದೆ. ವೈಟ್‌ಫೀಲ್ಡಿಗೆ 2023ರಲ್ಲಿ, ತುಮಕೂರು ರಸ್ತೆಯ ಮಾದಾವರದವರೆಗೆ 2024ರಲ್ಲಿ, ಎಲೆಕ್ಟ್ರಾನಿಕ್ ಸಿಟಿಯನ್ನು ಹಾದು ರೇವಾ ಹುಟ್ಟಿದ ಬೊಮ್ಮಸಂದ್ರದವರೆಗೆ 2025ರ ಆಗಸ್ಟ್‌ನಲ್ಲಿ ರೈಲು ಬಂದಿದೆ. ಅದು ಬಂದ ಮೇಲೆ ಎರಡನೆಯ ಕಾರಿನ ಮಾತೇ ಬಿದ್ದುಹೋದ ಮನೆಗಳೂ ಇರಬೇಕು.

ಇಬ್ಬರೂ ಕಾರಿನಲ್ಲಿಯೇ ಹೋಗಬೇಕಾದ ಮನೆಗೆ ಎರಡನೆಯದೂ ಸಣ್ಣ ವಿದ್ಯುತ್ ಕಾರೇ ಆಗಬಹುದು. ದಿನಕ್ಕೆ ಆರು ಯೂನಿಟ್ ಸಾಕಾಗುವ ಎರಡು ಕಾರುಗಳಿಗೆ ಒಂದೇ ಪ್ಲಗ್ಗನ್ನು ರಾತ್ರಿ ಬಿಟ್ಟು ರಾತ್ರಿ ಕೊಟ್ಟರೂ ನಡೆಯುತ್ತದೆ. ಹಿರಿಯರಿಗೆ ಒಂದು ಅಂಜಿಕೆ ಇರುವುದನ್ನು ಬಲ್ಲೆವು: ನಡುರಾತ್ರಿ ಆಸ್ಪತ್ರೆಗೆ ಓಡಬೇಕಾಗಿ ಬಂದು, ಚಾರ್ಜು ಇಲ್ಲದಿದ್ದರೆ? 30 ಯೂನಿಟ್ಟಿನ ಬ್ಯಾಟರಿಯಲ್ಲಿ ಶೇಕಡಾ 20 ಉಳಿದಿದ್ದರೂ 35 ಕಿಲೋಮೀಟರು ಓಡುತ್ತದೆ. ಅದಕ್ಕಿಂತ ಕೆಳಗಿಳಿಸದಿರುವ ಅಭ್ಯಾಸವನ್ನು ಮನೆಯವರೆಲ್ಲ ಮಾಡಿಕೊಂಡರೆ ಈ ಭಯಕ್ಕೆಂದೇ ಇನ್ನೊಂದು ಕಾರು ಕೊಳ್ಳಬೇಕಾಗಿಲ್ಲ.

ಪೆಟ್ರೋಲ್ ಕಾರೇ ಬೇಕೆಂದು ತೀರ್ಮಾನವಾದರೆ ಗೇರು ತಾನಾಗಿ ಬದಲಾಗುವಂಥದನ್ನು ನೋಡಬೇಕು. ವಿದ್ಯುತ್ ಕಾರಿಗೆ ಒಗ್ಗಿದ ಕಾಲು ಕ್ಲಚ್ಚನ್ನು ಬೇಗ ಮರೆಯುತ್ತದೆ. 2014ರಲ್ಲಿ ಮಾರುತಿಯ ಸೆಲೆರಿಯೋದಿಂದ ಮೊದಲಾಗಿ ಅಂಥ ಸೌಕರ್ಯ ಸಣ್ಣ ಕಾರುಗಳಿಗೂ ಬಂದಿದೆ. ಆಸನ ತುಸು ಎತ್ತರವಾಗಿದ್ದರೆ ಅಜ್ಜಿಯವರು ಇನ್ನೊಬ್ಬರ ಕೈ ಹಿಡಿಯದೆ ಇಳಿದಾರು.

ಹೀಗೆ ಹುಡುಕುತ್ತ ಹೋದವರು ಮನೆಯ ಮುಂದೆಯೇ ನಿಂತಿರುವ ಎಂಟು ಹತ್ತು ವರ್ಷದ ಪೆಟ್ರೋಲ್ ಕಾರನ್ನೊಮ್ಮೆ ನೋಡಬೇಕು. ಅದರ ಸಾಲ ತೀರಿದೆ, ಗುಣದೋಷಗಳು ಗೊತ್ತಿವೆ. ವಿನಿಮಯಕ್ಕೆ ಕೊಟ್ಟರೆ ಸಿಗುವ ಬೆಲೆ ಅಷ್ಟಕ್ಕಷ್ಟೆ. ಅನೇಕರಿಗೆ ಬೇಕಾದ ಎರಡನೆಯ ಕಾರು ಅದೇ. ಸುಮ್ಮನೆ ನಿಲ್ಲಿಸಿದರೆ ಅದು ಕೆಡುತ್ತದೆ. ವಾರಕ್ಕೊಮ್ಮೆ ಹದಿನೈದು ಇಪ್ಪತ್ತು ಕಿಲೋಮೀಟರು ಓಡಿಸಿದರೆ ಬ್ಯಾಟರಿ ಜೀವ ಹಿಡಿದಿರುತ್ತದೆ, ಟಯರು ಒಂದೇ ಮಗ್ಗುಲಿಗೆ ಚಪ್ಪಟೆಯಾಗುವುದಿಲ್ಲ, ಬಾನೆಟ್ಟಿನೊಳಗೆ ಇಲಿ ಸಂಸಾರ ಹೂಡಿ ತಂತಿ ಕಡಿಯುವುದೂ ತಪ್ಪುತ್ತದೆ. ವಿಮೆಯ ದಿನಾಂಕವನ್ನು ಗೋಡೆಯ ಪಂಚಾಂಗದ ಮೇಲೆ ಗುರುತು ಮಾಡಿಟ್ಟಿರಲಿ. 15 ವರ್ಷ ತುಂಬುವುದಕ್ಕೆ ಮೊದಲೇ ಆರ್.ಟಿ.ಓ. ಕಚೇರಿಯಲ್ಲಿ ನೋಂದಣಿಯ ನವೀಕರಣಕ್ಕೆ ಕೊಡತಕ್ಕದ್ದು.